ನೇರ ಓಡುವ ಗಾಡಿಯ ಎಡವಟ್ಟು

ಹೊಸ ಸ್ಟ್ರೆಚರ್ ಗಾಡಿಯ ಮೇಲೆ ಆಸ್ಪತ್ರೆಯ ಖರೀದಿ ಅಧಿಕಾರಿಗಳು ಟೈ ಸಮೇತ ಅಂಗಾತ ಮಲಗಿದ್ದರು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಗಾಡಿ ಎಷ್ಟು ಹಗುರವಾಗಿ, ಎಷ್ಟು ನೇರವಾಗಿ ಓಡುತ್ತದೆ ಎಂದು ನಿರ್ದೇಶಕಿಯವರಿಗೆ ತೋರಿಸಲು ಒಬ್ಬ ರೋಗಿ ಬೇಕಾಗಿತ್ತು. ನಿಜವಾದ ರೋಗಿಯನ್ನು ಪ್ರದರ್ಶನಕ್ಕಿಡುವುದು ಚೆನ್ನಾಗಿರುವುದಿಲ್ಲವೆಂದು ಅವರೇ ಕೋಟು ಕಳಚಿ ಮಲಗಿದರು. ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿಕೊಂಡದ್ದು ಮಾತ್ರ ಸ್ವಲ್ಪ ಅತಿಯಾಯಿತು. ಆ ಭಂಗಿಯಲ್ಲಿ ಜನ ಆಸ್ಪತ್ರೆಯಿಂದ ಹೊರಗೆ ಹೋಗುತ್ತಾರೆಯೇ ಹೊರತು ಒಳಗೆ ಬರುವುದಿಲ್ಲ.

ತಳ್ಳುವ ಗೌರವ ಗಾಲಿಯಣ್ಣನಿಗೆ ಸಿಕ್ಕಿತ್ತು. ಆ ಆಸ್ಪತ್ರೆಯ ಗಾಲಿಗಳನ್ನೆಲ್ಲ ರಿಪೇರಿ ಮಾಡುವವನು ಅವನು. ನೇರ ಓಡುವ ಗಾಡಿ ಬೇಕೆಂದು ಇಪ್ಪತ್ತೆರಡು ಅರ್ಜಿ ಬರೆದವನೂ ಅವನೇ. ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು, ಹಿಡಿಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು, ನಿರ್ದೇಶಕಿ ತಲೆಯಾಡಿಸಿದ ಕೂಡಲೇ ತಳ್ಳಿದ. ಗಾಡಿ ಬೆಣ್ಣೆಯ ಮೇಲೆ ಜಾರಿದಂತೆ ಹತ್ತು ಹೆಜ್ಜೆ ಹೋಯಿತು. ಹನ್ನೊಂದನೆಯ ಹೆಜ್ಜೆಗೆ ಮೆಲ್ಲಗೆ ಬಲಕ್ಕೆ ವಾಲಿತು. ಹದಿನಾಲ್ಕನೆಯ ಹೆಜ್ಜೆಗೆ ಮಹಿಳೆಯರ ಶೌಚಾಲಯದ ಬಾಗಿಲನ್ನು ಗುದ್ದಿ ತೆರೆದು, ಖರೀದಿ ಅಧಿಕಾರಿಗಳನ್ನು ಬೂಟಿನಿಂದ ಮೊಣಕಾಲಿನವರೆಗೆ ಒಳಗೆ ಕಳಿಸಿ ನಿಂತಿತು.

“ಯಾರದು?” ಎಂದು ಒಳಗಿನಿಂದ ಒಂದು ಹೆಣ್ಣುದನಿ ಗದರಿತು.

“ಪರ್ಚೇಸ್ ಡಿಪಾರ್ಟ್‌ಮೆಂಟ್,” ಎಂದರು ಅಧಿಕಾರಿಗಳು. ಗಾಬರಿಯಲ್ಲಿ ಅವರಿಗೆ ಬೇರೇನೂ ಹೊಳೆಯಲಿಲ್ಲ.

ಎಡವಟ್ಟು ಎಂಬ ಮಾತಿನಲ್ಲಿ ಎಡ ಇದ್ದರೂ ಅವತ್ತಿನದು ಅಪ್ಪಟ ಬಲದ್ದು. ನೆರೆದಿದ್ದ ವಾರ್ಡ್ ಬಾಯ್‌ಗಳು ಗೋಡೆಯ ಕಡೆ ತಿರುಗಿ ಕೆಮ್ಮಿದರು. ಆಸ್ಪತ್ರೆಯಲ್ಲಿ ಕೆಮ್ಮಿಗೆ ಯಾರೂ ಕಾರಣ ಕೇಳುವುದಿಲ್ಲ. ನಿರ್ದೇಶಕಿ ಮಾತ್ರ ನಗಲಿಲ್ಲ. “ಒಂದು ತಿಂಗಳು ಉಪಯೋಗಿಸಿ ನೋಡೋಣ. ಗೋಡೆಗೆ ಹೊಡೆದದ್ದೆಲ್ಲ ಬರೆದಿಡಿ. ಹಳೇ ಗಾಡಿಗಿಂತ ಜಾಸ್ತಿ ಆದ್ರೆ ಬಂದಿರೋ ಹನ್ನೆರಡನ್ನೂ ವಾಪಸ್ ಕಳಿಸಿ,” ಎಂದು ಹೇಳಿ ಹೊರಟುಹೋದರು.

ಗಾಲಿಯಣ್ಣ ಖಾಲಿ ಗಾಡಿಯ ಹಿಡಿ ಹಿಡಿದುಕೊಂಡು ನಿಂತೇ ಇದ್ದ. ಮುಖಕ್ಕೆ ಎಷ್ಟು ರಕ್ತ ನುಗ್ಗಿತ್ತೆಂದರೆ ಒಬ್ಬ ನರ್ಸ್ ಬಿ.ಪಿ. ನೋಡಲೇ ಎಂದು ಕೇಳಿದಳು.

ಅವನಿಗೆ ಸರಿಯಾದ ಹೆಸರೊಂದು ಇತ್ತು. ಅದು ಸಂಬಳದ ಪುಸ್ತಕದಲ್ಲಿ ಮಾತ್ರ ವಾಸವಾಗಿತ್ತು. ಯಾರಾದರೂ ಫೋನಿನಲ್ಲಿ ಆ ಹೆಸರು ಹೇಳಿದರೆ ಅವನ ಹೆಂಡತಿಯೇ “ರಾಂಗ್ ನಂಬರ್” ಎಂದು ಇಟ್ಟುಬಿಟ್ಟದ್ದುಂಟು. ಇಪ್ಪತ್ತೇಳನೆಯ ವಯಸ್ಸಿನಲ್ಲಿ, ನಲ್ಲಿ ರಿಪೇರಿಯವನು ರಜೆ ಹಾಕಿದ್ದಾನೆಂದು ಎರಡು ತಿಂಗಳ ಮಟ್ಟಿಗೆ ಬಂದವನು, ಐವತ್ಮೂರಾದರೂ ಹೋಗಿರಲಿಲ್ಲ. ಮೆಟ್ಟಿಲ ಕೆಳಗಿನ ತ್ರಿಕೋನಾಕಾರದ ಕೋಣೆ ಅವನದು. ನಡುವೆ ನಿಲ್ಲಬಹುದು, ಅಂಚಿಗೆ ಹೋದರೆ ತಲೆ ಬಾಗಲೇಬೇಕು. ಗೋಡೆಯ ಮೊಳೆಗಳಲ್ಲಿ ಗಾಲಿಗಳು ಅಳತೆಯ ಪ್ರಕಾರ ತೂಗುತ್ತಿದ್ದವು: ವೀಲ್‌ಚೇರಿನವು, ಊಟದ ಗಾಡಿಯವು, ಕೊಳೆಬಟ್ಟೆಯ ಗಾಡಿಯವು, ಡ್ರಿಪ್ ಸ್ಟ್ಯಾಂಡಿನ ಪುಟಾಣಿಗಳು. ಕಣ್ಣು ಮುಚ್ಚಿ ಕಿರಗುಟ್ಟುವ ಸದ್ದು ಕೇಳಿ, “ಮೂರನೇ ವಾರ್ಡಿನ ಊಟದ ಗಾಡಿ, ಹಿಂದಿನ ಗಾಲಿ, ಕೂದಲು ಸುತ್ತಿಕೊಂಡಿದೆ” ಎಂದು ಹೇಳುವುದರಲ್ಲಿ ಅವನದು ಎತ್ತಿದ ಕೈ.

ಅವನ ಇಪ್ಪತ್ತಾರು ವರ್ಷದ ಕೊರಗು ಸ್ಟ್ರೆಚರ್ ಗಾಡಿ. ಆ ಆಸ್ಪತ್ರೆಯ ಗಾಡಿಗಳೆಲ್ಲ ಎಡಕ್ಕೆ ಎಳೆಯುತ್ತಿದ್ದವು. ಕಾರಣವನ್ನು ಅವನು ಮೊದಲ ವರ್ಷವೇ ಪತ್ತೆ ಮಾಡಿದ್ದ. ಎಡಗಡೆಯ ಮುಂಗಾಲಿನ ಪೈಪನ್ನು ಬೆಸುಗೆ ಹಾಕುವಾಗಲೇ ಒಂದು ನೂಲಿನಷ್ಟು ಓರೆಯಾಗಿತ್ತು. ಬಗ್ಗಿಸಹೋದರೆ ಬೆಸುಗೆ ಬಿಡುತ್ತಿತ್ತು. ಗಾಡಿ ಹಳತಾಗಿ ಗುಜರಿಗೆ ಹೋದರೆ ಕಾಟ ತಪ್ಪಿತು ಎಂದುಕೊಂಡರೆ, ಖರೀದಿ ವಿಭಾಗ ಆರ್ಡರಿನಲ್ಲಿ “ಹಿಂದಿನ ಮಾದರಿಯಂತೆಯೇ” ಎಂದು ಬರೆದು, ಒಂದು ಹಳೆಯ ಗಾಡಿಯನ್ನು ನಮೂನೆಗೆಂದು ಕಳಿಸುತ್ತಿತ್ತು. ಮಾಡುವವನು ಪ್ರಾಮಾಣಿಕ. ಓರೆಯನ್ನೂ ಅಳೆದು, ಅಷ್ಟೇ ಓರೆಯಾಗಿ ಮಾಡಿಕೊಡುತ್ತಿದ್ದ. ಹೀಗೆ ಮೂರು ತಲೆಮಾರಿನ ಗಾಡಿಗಳು ವಂಶಪಾರಂಪರ್ಯವಾಗಿ ಎಡಕ್ಕೆ ಎಳೆದವು.

ಗಾಲಿಯಣ್ಣ ಅರ್ಜಿ ಬರೆದ. ತಳ್ಳುವ ಗಾಡಿಯ ಅರ್ಜಿಯನ್ನು ಮೇಲಿನವರು ತಳ್ಳಿಹಾಕಿದರು. ಮತ್ತೆ ಬರೆದ. ಅರ್ಜಿಗೆ ಗಾಲಿ ಇಲ್ಲದ್ದರಿಂದ ಅದು ಇಟ್ಟ ಮೇಜಿನಲ್ಲೇ ಇರುತ್ತಿತ್ತು.

ಅದೇ ಕಾರಿಡಾರಿನ ಕೊನೆಗೆ ಸ್ಕ್ಯಾನ್ ಕೋಣೆ. ಅವನು ಸೇರಿದಾಗ ಅಲ್ಲಿನ ಯಂತ್ರ ಒಬ್ಬ ರೋಗಿಗೆ ನಲವತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಲಾರಿ ಹತ್ತು ಬೆಟ್ಟ ಹತ್ತಿದಂತೆ ಸದ್ದು ಬೇರೆ. ಅವನ ಕಣ್ಣೆದುರೇ ಆ ಯಂತ್ರ ಐದು ಸಲ ಬದಲಾಯಿತು. ಈಗ ಆರು ನಿಮಿಷ, ಸದ್ದು ಬೆಕ್ಕು ಗೊರಕೆ ಹೊಡೆದಷ್ಟು. ಆರು ಜನ್ಮ ಎತ್ತಿದ ಯಂತ್ರದ ಬಾಗಿಲಿಗೆ ರೋಗಿಯನ್ನು ತಂದು ಬಿಡುವುದು ಮಾತ್ರ ಅದೇ ಎಡಚ ಗಾಡಿ.

ಈ ವಿಚಿತ್ರವನ್ನು ಅವನು ಚಹಾದ ಹೊತ್ತಿನಲ್ಲಿ ಸಾರಥಿಗೆ ಬಿಡಿಸಿ ಹೇಳುತ್ತಿದ್ದ. ಸಾರಥಿ ಎಂದರೆ ಗಾಡಿ ತಳ್ಳುವವರಲ್ಲೆಲ್ಲ ಹಿರಿಯ. ಐವತ್ತೈದು ವಯಸ್ಸಿನ, ಇಬ್ಬರು ಮೊಮ್ಮಕ್ಕಳ ವಾರ್ಡ್ ಬಾಯ್.

“ನೋಡು, ಸ್ಕ್ಯಾನ್ ಯಂತ್ರ ತಪ್ಪು ಮಾಡಿದ್ರೆ ಪಟದಲ್ಲಿ ಕಾಣುತ್ತೆ. ಡಾಕ್ಟರ್ ಕೂಗಾಡ್ತಾರೆ. ಮಾರನೇ ದಿನ ಕಂಪನಿಯವರು ಬ್ಯಾಗ್ ಹಿಡ್ಕೊಂಡು ಓಡಿ ಬರ್ತಾರೆ. ಗಾಡಿ ತಪ್ಪು ಮಾಡಿದ್ರೆ ಎಲ್ಲಿ ಕಾಣುತ್ತೆ ಹೇಳು?”

“ಎಲ್ಲಿ?”

“ನಿನ್ನ ಸೊಂಟದಲ್ಲಿ. ನಿನ್ನ ಸೊಂಟಕ್ಕೆ ಸಹಿ ಹಾಕೋಕೆ ಬರಲ್ಲ.”

“ನನ್ನ ಸೊಂಟದ ಸುದ್ದಿ ನಿನಗ್ಯಾಕಯ್ಯ?” ಎನ್ನುತ್ತಿದ್ದ ಸಾರಥಿ. “ಇಪ್ಪತ್ತೊಂಬತ್ತು ವರ್ಷ ಆಯ್ತು, ಒಬ್ಬ ಪೇಷಂಟನ್ನ ಬೀಳಿಸಿಲ್ಲ. ಎಡಕ್ಕೆ ಎಳೀತಾ, ಬಲಕ್ಕೆ ಒತ್ತಿದರಾಯ್ತು. ಅದರಲ್ಲೇನು ಬ್ರಹ್ಮವಿದ್ಯೆ?”

ಅಲ್ಲೇ ಇತ್ತು ಗಂಟು. ಗಾಡಿ ಕೊಳ್ಳುವವರು ಕುರ್ಚಿಯ ಮೇಲೆ ಕೂತಿರುತ್ತಾರೆ, ತಳ್ಳುವವರಿಗೆ ಕೊಳ್ಳುವ ಅಧಿಕಾರವಿಲ್ಲ, ಮೇಲೆ ಮಲಗಿದವರು ದೂರು ಬರೆಯುವ ಸ್ಥಿತಿಯಲ್ಲಿರುವುದಿಲ್ಲ. ಬರೆಯುವ ಸ್ಥಿತಿಗೆ ಬಂದವರು ಗಾಡಿಯನ್ನು ಮರೆತು ಮನೆಗೆ ಹೋಗುತ್ತಾರೆ. ಮಧ್ಯದಲ್ಲಿ ಸಾರಥಿಯಂಥವರು ಗಾಡಿಯ ತಪ್ಪನ್ನು ತಮ್ಮ ಹೊಟ್ಟೆಗೆ, ಸೊಂಟಕ್ಕೆ, ಬಲ ಭುಜಕ್ಕೆ ಹಾಕಿಕೊಂಡು ಮುಚ್ಚಿಬಿಡುತ್ತಾರೆ. ಅವರು ಇಷ್ಟು ಚೆನ್ನಾಗಿ ತಳ್ಳದೆ ಇದ್ದಿದ್ದರೆ ಗಾಡಿ ಎಂದೋ ಸರಿಹೋಗುತ್ತಿತ್ತು.

ಕೊನೆಗೆ ಗಾಡಿಗೆ ಯೋಗ ಕೂಡಿಬಂದದ್ದೂ ಅದರ ಸ್ವಂತ ಪುಣ್ಯದಿಂದಲ್ಲ. ಆರನೆಯ ಸ್ಕ್ಯಾನ್ ಯಂತ್ರಕ್ಕೆ ತನ್ನ ಸಮಯವನ್ನು ತಾನೇ ಲೆಕ್ಕ ಹಾಕುವ ದುರಭ್ಯಾಸವಿತ್ತು. ತಿಂಗಳ ಕೊನೆಯಲ್ಲಿ ಅದು, ನಾನು ಕೆಲಸ ಮಾಡಿದ್ದು ಇಷ್ಟು, ರೋಗಿ ಬರಲೆಂದು ಬಾಗಿಲು ನೋಡುತ್ತ ಕೂತದ್ದು ಇಷ್ಟು ಎಂದು ಚಿತ್ರ ಸಮೇತ ಅಚ್ಚು ಹಾಕಿ ಕೊಟ್ಟಿತು. ಕೂತದ್ದೇ ಜಾಸ್ತಿ. ಗಾಲಿಯಣ್ಣನ ಇಪ್ಪತ್ತೆರಡು ಅರ್ಜಿಗೆ ಏಳದ ಖರೀದಿ ಅಧಿಕಾರಿಗಳು ಯಂತ್ರದ ಒಂದು ಹಾಳೆಗೆ ಎದ್ದು ಕೂತರು. ಬೇರೆ ಕಂಪನಿಗೆ ಆರ್ಡರ್ ಹೋಯಿತು. ಹನ್ನೆರಡು ಹೊಸ ಗಾಡಿಗಳು ಬಂದವು. ಗಾಲಿಯಣ್ಣ ಅವುಗಳ ಕೆಳಗೆ ತೂರಿ, ಟೇಪು ಹಿಡಿದು, ನಾಲ್ಕೂ ಕಾಲು ಅಳೆದ. ಒಂದು ಕೂದಲಿನಷ್ಟೂ ಓರೆಯಿಲ್ಲ. ಹೊರಗೆ ಬಂದವನು ಕಣ್ಣು ಒರೆಸಿಕೊಂಡ. ಗ್ರೀಸು ಬಿತ್ತು ಎಂದ. ಹೊಸ ಗಾಡಿಯಲ್ಲಿ ಗ್ರೀಸು ಬೀಳುವಂಥದ್ದೇನೂ ಇರಲಿಲ್ಲ.

ಹೀಗಿರುವಾಗ ಆದದ್ದು ಮಹಿಳೆಯರ ಶೌಚಾಲಯದ ಪ್ರಸಂಗ.

ಗೋಡೆಗೆ ಹೊಡೆದದ್ದನ್ನು ಬರೆಯುವ ಕೆಲಸ ಸ್ಕ್ಯಾನ್ ಕೋಣೆಯ ನರ್ಸ್ ಪಾಲಿಗೆ ಬಂತು. ಜನ ಅದನ್ನು ಗುದ್ದಿನ ಪುಸ್ತಕ ಎಂದರು. ಹಳೆಯ ಗಾಡಿಗಳು ವಾರಕ್ಕೆ ಮೂರು ಸಲ ಗೋಡೆ ತಾಗುತ್ತಿದ್ದವು. ಹೊಸವು ಮೊದಲ ವಾರದಲ್ಲೇ ಮೂವತ್ತೊಂದು. ಎಲ್ಲವೂ ಬಲಗೋಡೆಗೆ. ಆ ಗೋಡೆಯ ಸುಣ್ಣ ಸೊಂಟದೆತ್ತರಕ್ಕೆ ಗೀರು ಗೀರಾಗಿ ಎದ್ದುಹೋಯಿತು.

“ಇದೆಂಥ ಗಾಡಿ ತರಿಸಿದೆಯಪ್ಪ!” ಸಾರಥಿ ಮೆಟ್ಟಿಲ ಕೆಳಗಿನ ಕೋಣೆಗೆ ಬಗ್ಗಿ ನೋಡಿ ಕೂಗಿದ. “ಬಲಕ್ಕೆ ಎಳೆದು ಪ್ರಾಣ ತೆಗೀತಿದೆ. ಹಳೇದು ಹಿಂಗಿರಲಿಲ್ಲ.”

“ಹಳೇದು ಎಡಕ್ಕೆ ಎಳೀತಿತ್ತಲ್ಲಯ್ಯ!”

“ಹಳೇದು ನೇರ ಹೋಗ್ತಿತ್ತು,” ಎಂದ ಸಾರಥಿ, ತೊಟ್ಟಿಲ ಮಗುವಿನಷ್ಟು ನಿಷ್ಕಪಟವಾಗಿ.

ಗಾಲಿಯಣ್ಣ ಎರಡು ದಿನ ಗಾಡಿಯನ್ನು ನೋಡುವುದು ಬಿಟ್ಟು ತಳ್ಳುವವರ ಹಿಂದೆ ನಡೆದ. ಸಾರಥಿಯ ಬಲ ಭುಜ ಎಡಕ್ಕಿಂತ ಎರಡು ಬೆರಳು ಕೆಳಗಿತ್ತು. ಸೊಂಟ ಬಲಕ್ಕೆ ಹೊರಳಿತ್ತು. ಅವನ ಹಿಂದಿನವನದೂ ಹಾಗೇ, ಅವನ ಹಿಂದಿನವಳದೂ ಹಾಗೇ. ಹನ್ನೊಂದು ಜನ, ಒಂದೇ ದರ್ಜಿ ಹೊಲಿದಂಥ ಓರೆ. ಗಾಡಿಯ ಕಾಲಿನ ಓರೆ ಇಷ್ಟು ವರ್ಷದಲ್ಲಿ ತಳ್ಳುವವರ ಮೈಗೆ ಇಳಿದಿತ್ತು. ಅದನ್ನು ಯಾವ ಕಂಪನಿಗೆ ವಾಪಸ್ ಕಳಿಸುವುದು?

ಅವನು ಸೀಮೆಸುಣ್ಣ ತಂದು ಕಾರಿಡಾರಿನ ನಡುವೆ ಉದ್ದಕ್ಕೆ ಗೆರೆ ಎಳೆದ. ಹನ್ನೊಂದು ಜನರನ್ನೂ ಸಾಲಾಗಿ ನಿಲ್ಲಿಸಿ, ಬರಿಗೈಯಲ್ಲಿ ಆ ಗೆರೆಯ ಮೇಲೆ ನಡೆಸಿದ. ಆಮೇಲೆ ಖಾಲಿ ಗಾಡಿ ಕೊಟ್ಟ. “ಬಲಗೈ ಹಗುರ! ಬಲಗೈ ಹಗುರ!” ಎಂದು ಪಕ್ಕದಲ್ಲಿ ಓಡುತ್ತ ಕೂಗಿದ.

“ಗಾಲಿಯಣ್ಣ ಡ್ಯಾನ್ಸ್ ಕ್ಲಾಸ್ ಶುರು ಮಾಡಿದಾನೆ,” ಎಂದಳು ಊಟದ ಗಾಡಿಯವಳು. “ಸಂಜೆ ಬ್ಯಾಚ್ ಇದ್ರೆ ಹೇಳು, ನಮ್ಮ ಮನೆಯವರನ್ನೂ ಕಳಿಸ್ತೀನಿ.”

ಖಾಲಿ ಗಾಡಿಯಲ್ಲಿ ಎಲ್ಲರೂ ಪಾಸಾದರು. ಮೇಲೊಬ್ಬ ರೋಗಿ ಮಲಗಿ “ಅಯ್ಯೋ” ಎಂದ ಕೂಡಲೇ ಗೆರೆ ಮರೆತುಹೋಗಿ, ಕಾಲು ಅವಸರಪಟ್ಟು, ಬಲಗೈ ತನ್ನ ಹಳೆಯ ಕೆಲಸಕ್ಕೆ ಹಾಜರಾಗುತ್ತಿತ್ತು. ಎರಡನೆಯ ವಾರ ಇಪ್ಪತ್ತೆಂಟು. ಒಬ್ಬ ಕಾಲು ಮುರಿದ ಮುದುಕರು ಎರಡು ಸಲ ಗೋಡೆಗೆ ಹೊಡೆಸಿಕೊಂಡು, “ಇನ್ನೊಂದು ಕಾಲಿಗೂ ಸ್ಕ್ಯಾನ್ ಬರೆದಿದ್ದಾರಾ?” ಎಂದು ಕೇಳಿದರು.

ಖರೀದಿ ಅಧಿಕಾರಿಗಳು ಗಾಲಿಯಣ್ಣನನ್ನು ಕರೆಸಿದರು. ಶೌಚಾಲಯದ ಪ್ರಸಂಗದ ನಂತರ ಅವರು ಅವನ ಮುಖ ನೋಡಿ ಮಾತಾಡುತ್ತಿರಲಿಲ್ಲ. ಕ್ಯಾಲೆಂಡರ್ ನೋಡಿ ಮಾತಾಡುತ್ತಿದ್ದರು.

“ಇನ್ನು ಎರಡು ವಾರ ಇದೆ. ಇದು ವಾಪಸ್ ಹೋದ್ರೆ ಹಳೇ ಮಾದರಿಗೇ ಆರ್ಡರ್ ಹಾಕಿಬಿಡ್ತೀನಿ. ಆಮೇಲೆ ನಿಮ್ಮ ಅರ್ಜಿ ಗಿರ್ಜಿ ಯಾವುದೂ ನನ್ನ ಮೇಜಿಗೆ ಬರಬಾರದು. ಕೇಳಿದ್ದು ನೀವೇ ಅಲ್ವಾ?”

“ಕೇಳಿದ್ದು ನಾನೇ ಸಾರ್.”

ಮೆಟ್ಟಿಲ ಕೆಳಗೆ ಕೂತು ಅವನು ಅದನ್ನೇ ಮೆಲುಕು ಹಾಕಿದ. ಇಪ್ಪತ್ತಾರು ವರ್ಷದಲ್ಲಿ ಅವನ ಮಾತು ನಡೆದದ್ದು ಒಂದೇ ಸಲ. ಆ ಒಂದು ಸಲವೂ ಗೋಡೆಗೆ ಗುದ್ದಿ ನಿಂತರೆ, ಮುಂದೆ ಬರುವ ಗಾಲಿಯವನು ಬಾಯಿ ತೆರೆದರೂ “ಹಿಂದೆ ಒಬ್ಬ ಹೀಗೇ ಹೇಳಿದ್ದ” ಎಂದು ಕೈ ತೊಳೆದುಕೊಳ್ಳುತ್ತಾರೆ.

ಸಂಜೆ ಹೆಂಡತಿಯ ಜೊತೆ ಅಂಗಡಿಗೆ ಹೊರಟ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು, ದಾರ ಮುಗಿದಿತ್ತು. ಬೀದಿಯಲ್ಲಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅವಳು ಅವನ ಬಲ ಪಕ್ಕೆಗೆ ಮೊಣಕೈಯಿಂದ ಒಂದು ತಿವಿತ ಕೊಟ್ಟಳು.

“ಯಾಕೇ ತಿವೀತೀಯ?”

“ಯಾಕೆ ಅಂದ್ರೆ? ದಿನಾ ತಿವೀತೀನಿ, ಇವತ್ತು ಗೊತ್ತಾಯ್ತಾ? ನೀವು ಹಿಂಗೇ ಬಲಕ್ಕೆ ಸರೀತಾ ಸರೀತಾ ಚರಂಡಿಗೆ ಇಳೀತೀರ. ಮದುವೆ ಆದಾಗಿಂದ ನಿಮ್ಮ ಬಲಗಡೆ ನಡೆದೂ ನಡೆದೂ ನನ್ನ ಮೊಣಕೈ ಸವೆದುಹೋಯ್ತು.”

ಅವನು ಬೀದಿಯ ನಡುವೆ ನಿಂತುಬಿಟ್ಟ. ರಿಪೇರಿಯಾದ ಗಾಡಿಯನ್ನೆಲ್ಲ ಹತ್ತು ಸುತ್ತು ತಳ್ಳಿ ನೋಡಿಯೇ ವಾರ್ಡಿಗೆ ಕಳಿಸುವುದು ಅವನ ಪದ್ಧತಿ. ಪ್ರದರ್ಶನದ ದಿನ ಶೌಚಾಲಯದ ಬಾಗಿಲು ತೆರೆದದ್ದು ಯಾಕೆಂದು ಆಗ ಅರ್ಥವಾಯಿತು.

“ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಹೇಳೋದಕ್ಕಿಂತ ತಿವಿಯೋದು ಸುಲಭ ರೀ.”

ದಾರದ ಅಂಗಡಿಯವನು ಅವಳಿಗೆ ಎಂದಿನಂತೆ ಹೊಸ ಹೊಲಿಗೆ ಯಂತ್ರ ತೋರಿಸಿದ. ಕರೆಂಟಿನದು, ಸೂಜಿಗೆ ತಾನೇ ದಾರ ಪೋಣಿಸಿಕೊಳ್ಳುತ್ತದೆ, ನೂರಾರು ಬಗೆಯ ಹೊಲಿಗೆ. ಅವಳು ಎಂದಿನಂತೆ ಮೂಗು ಮುರಿದಳು. ಅವಳು ಕಾಲಿನಲ್ಲಿ ತುಳಿಯುವ ಯಂತ್ರ ಅವಳ ತಾಯಿಯದು. ತಾಯಿಗೂ ಅದು ಯಾರಿಂದಲೋ ಬಂದದ್ದು.

“ತಗೋಬಾರದಾ?” ಎಂದ ಗಾಲಿಯಣ್ಣ, ಬರುವಾಗ. “ಒಳ್ಳೇದಲ್ವಾ ಅದು?”

“ಒಳ್ಳೇದೇ. ಯಾರು ಇಲ್ಲ ಅಂದ್ರು? ನಿಲ್ಲಿಸೋಕೆ ಹಿಮ್ಮಡಿ ಒತ್ತೋದು ನನ್ನ ಕಾಲಿಗೆ ಅಭ್ಯಾಸ. ಅದರಲ್ಲಿ ಹಿಮ್ಮಡಿ ಒತ್ತಿದರೆ ಏನೂ ಆಗಲ್ಲ. ಯಂತ್ರ ಹೊಸದು ಕೊಡ್ತಾನೆ ಸರಿ, ಜೊತೆಗೆ ಕಾಲೂ ಹೊಸದು ಕೊಡ್ತಾನಾ?” ಎಂದು ಹೇಳಿ ಇನ್ನೊಂದು ಸಲ ತಿವಿದಳು.

ಮಾರನೆಯ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವನು ಒಂದು ಗಾಡಿಯ ಕೆಳಗೆ ತೂರಿದ. ಎಡಗಡೆಯ ಮುಂಗಾಲಿಯ ನಟ್ಟಿಗೆ ಸ್ಪ್ಯಾನರ್ ಇಟ್ಟು, ಮತ್ತೆ ತೆಗೆದ. ಅಷ್ಟು ಚೆನ್ನಾಗಿ ಮಾಡಿದ ಗಾಲಿಯನ್ನು ಅವನು ಅದುವರೆಗೆ ಮುಟ್ಟಿರಲಿಲ್ಲ. ಬೆರಳಲ್ಲಿ ಒಮ್ಮೆ ತಿರುಗಿಸಿದರೆ ಸದ್ದಿಲ್ಲದೆ ಸುತ್ತುತ್ತಲೇ ಇತ್ತು. ಅದು ತಾನಾಗಿ ನಿಲ್ಲುವವರೆಗೆ ಕಾದ. ಆಮೇಲೆ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿದ. ಗಾಲಿ ತುಸು ಹಿಡಿಯಿತು. ಎದ್ದು ತಳ್ಳಿ ನೋಡಿದ. ಗಾಡಿ ಮೆಲ್ಲಗೆ, ಹಳೆಯ ಸ್ನೇಹಿತನಂತೆ, ಎಡಕ್ಕೆ ಎಳೆಯಿತು. ಅವನ ಮೈ ಕೇಳದೆಯೇ ಬಲಕ್ಕೆ ಒತ್ತಿತು. ಗಾಡಿ ಗೆರೆ ಎಳೆದಂತೆ ನೇರ ಹೋಯಿತು. ಮೂರು ದಿನದ ಊಟದ ಬಿಡುವಿನಲ್ಲಿ ಹನ್ನೆರಡೂ ಗಾಡಿ ಮುಗಿಸಿದ.

ಮೂರನೆಯ ವಾರ ಗುದ್ದಿನ ಪುಸ್ತಕದಲ್ಲಿ ನಾಲ್ಕು. ನಾಲ್ಕನೆಯ ವಾರ ಒಂದು. ಅದೂ ಸಾರಥಿ ಮೊಮ್ಮಗಳ ಫೋಟೋವನ್ನು ಯಾರಿಗೋ ತೋರಿಸುತ್ತ ತಳ್ಳಿದಾಗ.

“ಈಗ ದಾರಿಗೆ ಬಂತು ನೋಡು ನಿನ್ನ ಗಾಡಿ,” ಎಂದ ಸಾರಥಿ. “ನಾನು ಹೇಳಲಿಲ್ವಾ, ಹೊಸದು ಅಂದ್ರೆ ಪಳಗಬೇಕು. ನಾವೇ ಪಳಗಿಸಿದ್ವಿ.”

“ಹೌದಪ್ಪ, ನೀವೇ.”

“ನಿನ್ನ ಸೀಮೆಸುಣ್ಣದಿಂದ ಏನೂ ಆಗಲಿಲ್ಲ, ತಿಳ್ಕೋ.”

ಗಾಲಿಯಣ್ಣ ಅದನ್ನೂ ಹೊಟ್ಟೆಗೆ ಹಾಕಿಕೊಂಡ. ಅವನಿಗೆ ಬೇರೆ ತಲೆನೋವು ಶುರುವಾಗಿತ್ತು. ಕಾರ್ಖಾನೆಯವರು ಬಿಗಿಯಬಾರದು ಎಂದು ಬಿಟ್ಟ ನಟ್ಟನ್ನು ಅವನು ಬಿಗಿದಿದ್ದ. ಗಾಡಿ ನಾಲ್ಕು ದಿನ ಓಡಿದರೆ ಅದು ನಡುಗಿ ನಡುಗಿ ತನ್ನ ಮೊದಲಿನ ಜಾಗಕ್ಕೆ ಮರಳುತ್ತಿತ್ತು. ಒಳ್ಳೆಯ ಗಾಡಿ, ಬಿಟ್ಟರೆ ನೇರವಾಗಿಬಿಡುತ್ತಿತ್ತು. ವಾರಕ್ಕೆರಡು ಸಲ ಹನ್ನೆರಡು ಗಾಡಿಗಳ ಕೆಳಗೆ ತೂರಿ ಅವುಗಳನ್ನು ಮತ್ತೆ ಕೆಡಿಸಬೇಕಿತ್ತು.

ತಿಂಗಳು ಮುಗಿದ ದಿನ ನಿರ್ದೇಶಕಿಯ ಕೋಣೆಯಲ್ಲಿ ಸಭೆ. ಗಾಡಿ ಮಾಡಿದ ಕಂಪನಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದಳು, ಮೂವತ್ತರ ಒಳಗಿನ ಚುರುಕು ಹೆಂಗಸು. ಖರೀದಿ ಅಧಿಕಾರಿಗಳು ಗೋಡೆಯ ಪರದೆಯ ಮೇಲೆ ಚಿತ್ರ ಹಾಕಿ ತೋರಿಸಿದರು: ಮೂವತ್ತೊಂದು, ಇಪ್ಪತ್ತೆಂಟು, ನಾಲ್ಕು, ಒಂದು. ಗೆರೆ ಜಾರುಬಂಡೆಯಂತೆ ಇಳಿದಿತ್ತು. “ಸಿಬ್ಬಂದಿಗೆ ನಾವು ಕೊಟ್ಟ ವಿಶೇಷ ತರಬೇತಿಯ ಫಲ,” ಎಂದರು. ಸೀಮೆಸುಣ್ಣದ ಗೆರೆಯ ಫೋಟೋವೂ ಇತ್ತು. ಕೊನೆಯ ವಾರ ಹಳೆಯ ಗಾಡಿಗಳಿಗಿಂತ ಕಡಿಮೆಯಾಗಿದೆಯೆಂದು ನಿರ್ದೇಶಕಿ ಕಾಗದಕ್ಕೆ ಸಹಿ ಹಾಕಿದರು. ಗಾಡಿಗಳು ಉಳಿದವು. ಬಾಗಿಲ ಬಳಿ ನಿಂತಿದ್ದ ಗಾಲಿಯಣ್ಣ ತಿಂಗಳಿಂದ ಕಟ್ಟಿಕೊಂಡಿದ್ದ ಉಸಿರನ್ನು ಮೆಲ್ಲಗೆ ಬಿಟ್ಟ.

ಎಂಜಿನಿಯರ್ ಅವನ ಕಡೆ ತಿರುಗಿದಳು.

“ಇವರೇ ಅಲ್ವಾ ಗಾಲಿಯಣ್ಣ? ಬನ್ನಿ, ಕೂತ್ಕೊಳ್ಳಿ. ನಿಮ್ಮ ಹತ್ತಿರ ಮಾತಾಡಬೇಕು ಅಂತಲೇ ಬಂದೆ.”

ಅವನು ಕುರ್ಚಿಯ ತುದಿಯಲ್ಲಿ ಕೂತ.

“ನಾವು ಮುಂದಿನ ಮಾದರಿ ಶುರು ಮಾಡಿದ್ದೀವಿ. ಈ ಸಲ ಆಫೀಸಿನಲ್ಲಿ ಕೂತು ಡಿಸೈನ್ ಮಾಡಲ್ಲ, ನಿಜವಾಗಿ ಕೆಲಸ ಮಾಡೋರನ್ನೇ ಕೇಳಿ ಮಾಡ್ತೀವಿ. ಇಪ್ಪತ್ತಾರು ವರ್ಷ ಗಾಲಿ ನೋಡಿದವರು ನೀವು. ಈ ಗಾಡಿಯಲ್ಲಿ ಏನು ಸುಧಾರಣೆ ಆಗಬೇಕು? ಒಂದೇ ಒಂದು ಹೇಳಿ, ಅದನ್ನ ಮಾಡಿಕೊಡೋ ಜವಾಬ್ದಾರಿ ನಂದು.”

ನಿರ್ದೇಶಕಿ ಕನ್ನಡಕ ತೆಗೆದು ಅವನನ್ನು ನೋಡಿದರು. ಖರೀದಿ ಅಧಿಕಾರಿಗಳು ಕೂಡ, ತಿಂಗಳಲ್ಲಿ ಮೊದಲ ಸಲ, ಕ್ಯಾಲೆಂಡರ್ ಬಿಟ್ಟು ಅವನ ಮುಖ ನೋಡಿದರು. ಈ ಪ್ರಶ್ನೆಯನ್ನು ಯಾರಾದರೂ ಕೇಳಲೆಂದು ಅವನು ಇಪ್ಪತ್ತೆರಡು ಅರ್ಜಿ ಬರೆದಿದ್ದ. ಎತ್ತರ ತಗ್ಗು ಮಾಡುವ ಸನ್ನೆಕೋಲು, ಕಾಲಿನಿಂದಲೇ ಒತ್ತುವ ಬ್ರೇಕು, ಕೂದಲು ಸುತ್ತಿಕೊಳ್ಳದ ಗಾಲಿ, ಎಲ್ಲಕ್ಕೂ ಅವನ ಬಳಿ ಅಳತೆ ಸಮೇತ ಉತ್ತರವಿತ್ತು. ಅವನು ಬಾಯಿ ತೆರೆದ. ಬೆಳಿಗ್ಗೆ ಏಳನೆಯ ಗಾಡಿಯ ಕೆಳಗಿನಿಂದ ಏಳುವಾಗ ಹಿಡಿದುಕೊಂಡ ಬೆನ್ನು ಇನ್ನೂ ಬಿಟ್ಟಿರಲಿಲ್ಲ.

“ಎಡಗಡೆ ಮುಂಗಾಲು ಒಂದು ನೂಲು ಓರೆ ಮಾಡಿ ಕಳಿಸಿ ಮೇಡಂ,” ಎಂದ. “ವಾರಕ್ಕೆರಡು ಸಲ ಕೆಳಗೆ ತೂರಿ ನಟ್ಟು ಬಿಗಿದು ಬಿಗಿದು ನನಗೆ ಸಾಕಾಗಿಹೋಗಿದೆ.”